ಆಲಿಕಲ್ಲು ಬೀಳದ ಬುಧವಾರ

ಮಂಗಳವಾರ, ಕಚೇರಿಯಲ್ಲಿ ಊಟದ ಹೊತ್ತು

ನನ್ನ ಮುದ್ದಿನ ಅಕ್ಕನಿಗೆ,

ಚೆನ್ನಾಗಿದ್ದೀಯಾ ಎಂದು ಕೇಳುವಷ್ಟೂ ತಾಳ್ಮೆ ಇವತ್ತು ನನಗಿಲ್ಲ. ಭಾನುವಾರ ನಿನ್ನನ್ನು ನೋಡಲು ಅಪ್ಪ ಬರಲಾ ಎಂದು ಕೇಳುತ್ತಿದ್ದಾರೆ, ಹೂಂ ಅಥವಾ ಉಹೂಂ ಏನಾದರೊಂದು ಹೇಳು ಎಂದು ಬರೆದೆಯಲ್ಲ, ಅಂದಿನಿಂದ ತಲೆ ಕೆಟ್ಟು ಕೂತಿದೆ. ಒಂದು ತಿಂಗಳ ಹಿಂದೆ ಕೇಳಿದ್ದರೆ ಯೋಚಿಸದೆ ಉಹೂಂ ಎನ್ನುತ್ತಿದ್ದೆ. ನಮ್ಮ ಪುಟ್ಟ ತಮ್ಮ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡಿದ ಸೋಮ, ಮಂಗಳ, ಬುಧ ಮೂರು ದಿನವೂ ಆ ಮನುಷ್ಯ ತಿರುಗಿ ನೋಡಲಿಲ್ಲ ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಅವಳ ಡೈರಿಯಲ್ಲೂ ‘ಬರಲಿಲ್ಲ’ ಎಂದೇ ಇದೆ. ಮಗುವನ್ನು ಕಳೆದುಕೊಂಡ ಮೇಲೆ ಅವಳು ಅವರ ಹೊಸಿಲು ತುಳಿಯಲಿಲ್ಲ. ನಾವಿಬ್ಬರೂ ಆಗ ಅಜ್ಜಿಯ ಮನೆಯಲ್ಲಿದ್ದೆವು, ಏನನ್ನೂ ಕಂಡವರಲ್ಲ.

ಈಗ ನೋಡು, ನಮ್ಮ ಹವಾಮಾನ ಕಚೇರಿಯಲ್ಲಿ ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಗುಡ್ಡದ ಕೇಂದ್ರದಲ್ಲಿ ಅಪ್ಪ ಬರೆಯುತ್ತಿದ್ದ ಪುಸ್ತಕವೇ ಕೈಗೆ ಸಿಗಬೇಕೇ! ತಮ್ಮ ತೀರಿಕೊಂಡ ಅದೇ ವಾರದ್ದು. ಮೂರು ಗಂಟೆಗೊಮ್ಮೆ ತಾಪಮಾನ, ಗಾಳಿ, ಮೋಡ. ಒಂದು ಸಾಲೂ ಖಾಲಿಯಿಲ್ಲ. ಅಯ್ಯೋ, ಕೆಲಸ ಬಿಟ್ಟು ಏಳಲಾಗದೆ ಉಳಿದರೇನೋ ಎಂದು ಕೂತಲ್ಲೇ ಅತ್ತುಬಿಟ್ಟೆ. ಪಕ್ಕದ ಮೇಜಿನ ಹಿರಿಯ ಗುಮಾಸ್ತರು ನೀರು ತಂದುಕೊಟ್ಟರು.

ಪುಸ್ತಕ ನೋಡಿ ನಕ್ಕವರೂ ಅವರೇ. ಬುಧವಾರದ ಎಂಟೂ ಅಂಕಿ ಒಂದೇ ಸಲಕ್ಕೆ ಬರೆದಿದ್ದು ಕಣಮ್ಮ, ಅಳತೆ ತಪ್ಪಿಸಿಕೊಂಡೋರು ಹಿಂದಿನ ದಿನದ್ದನ್ನ ಚೂರು ಆಚೀಚೆ ಮಾಡಿ ತುಂಬಿಸೋದು ಹೀಗೇ, ನಾವ್ಯಾರೂ ಮಾಡಿಲ್ವಾ ಎಂದರು. ನಾನೂ ಮಾಡಿದ್ದೇನೆ, ಯಾರಿಗೂ ಹೇಳಬೇಡ. ಅವರ ಮಾತು ನಂಬದೆ ಗುಡ್ಡದ ಬುಡದಲ್ಲಿದ್ದ ಇನ್ನೊಂದು ಕೇಂದ್ರದ ಪುಸ್ತಕ ತೆಗೆಸಿದೆ. ಆ ಮಧ್ಯಾಹ್ನ ಅಲ್ಲಿ ಆಲಿಕಲ್ಲು ಸುರಿದಿದೆ. ಅಪ್ಪನ ಪುಸ್ತಕದಲ್ಲಿ ತಿಳಿ ಆಕಾಶ!

ಅಂದರೆ ಬುಧವಾರ ಅವರು ಕೇಂದ್ರದಲ್ಲಿರಲಿಲ್ಲ. ಮತ್ತೆಲ್ಲಿದ್ದರು? ನನಗೆ ಮೊದಲು ಹೊಳೆದದ್ದು ಇಸ್ಪೀಟಿನ ಮನೆ. ಅವರು ಇಸ್ಪೀಟು ಆಡುತ್ತಿದ್ದರೆಂದು ನನಗೆ ಹೇಳಿದವರಾದರೂ ಯಾರು? ಯಾರೂ ಇಲ್ಲ, ನಾನೇ ಕಟ್ಟಿಕೊಂಡದ್ದು. ಅಪ್ಪನ ಬರಹಕ್ಕೆ ಭೂತಗನ್ನಡಿ ಹಿಡಿದವಳು ಅಮ್ಮನ ಬರಹಕ್ಕೆ ಒಮ್ಮೆಯೂ ಹಿಡಿಯಲಿಲ್ಲ. ಯಾರನ್ನು ನಂಬಲಿ ಹೇಳು? ಗುರುವಾರದೊಳಗೆ ಉತ್ತರ ಬೇಕು ಅಂತೀಯ, ನನಗೆ ಒಂದೂ ತೋಚುತ್ತಿಲ್ಲ.

ನಿನ್ನ ತಂಗಿ,
ಮೊಂಡಿ

ತಾ. ಕ.: ಕಾಗದ ಮಡಿಚಿ ಮತ್ತೆ ಬಿಚ್ಚಿದೆ. ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಡೈರಿಯಲ್ಲಿ ‘ಬರಲಿಲ್ಲ’ ಎಂದಿರುವುದು ಸೋಮವಾರ, ಮಂಗಳವಾರ ಮಾತ್ರ. ಬುಧವಾರದ ಹಾಳೆಯನ್ನು ಹದಿನಾರನೇ ವಯಸ್ಸಿನಲ್ಲಿ ಕದ್ದು ಓದಿ, ಹರಿದು ಸುಟ್ಟವಳು ನಾನೇ. ಇವರು ಬಂದರು, ವಾರ್ಡಿನ ಬಾಗಿಲಲ್ಲೇ ತಡೆದೆ, ಮಗುವಿನ ಮುಖ ನೋಡಲು ಬಿಡಲಿಲ್ಲ ಎಂದು ಅಮ್ಮ ಅದರಲ್ಲಿ ಬರೆದಿದ್ದಳು. ನಮ್ಮಮ್ಮ ಅಂಥವಳಲ್ಲ, ದುಃಖದಲ್ಲಿ ಏನೋ ಗೀಚಿದ್ದಾಳೆ ಅಂದುಕೊಂಡೆ. ಆಮೇಲೆ ಅಂಥ ಹಾಳೆ ಇರಲೇ ಇಲ್ಲವೆಂದು ನಂಬಿಯೂಬಿಟ್ಟೆ. ಅಪ್ಪ ಭಾನುವಾರ ಬರಲಿ. ಈ ಕಾಗದ ಮಾತ್ರ ಅವರಿಗೆ ತೋರಿಸಬೇಡ ಅಕ್ಕ, ನಾನೇ ಬಾಯಿಬಿಟ್ಟು ಹೇಳಬೇಕು.