ಐದು ಟಿಕ್ ಅಂದವು

ರೀ,

ಕಾರಿನ ಕೆಳಗೆ ಮಲಗಿದ್ದೀರಿ. ಬಾಗಿಲಲ್ಲಿ ನಿಂತು ಕೂಗಿ ಕೂಗಿ ಗಂಟಲು ಹರಿಯಿತು, ಅದಕ್ಕೇ ಈ ಚೀಟಿ.

ಊಟದ ಮೇಜಿನ ಮೇಲಿರುವ, ಕಾರಿನ ಗೇರ್ ಬದಲಿಸುವ ಆ ಸೊಲೆನಾಯ್ಡ್‌ಗಳನ್ನು ಎಸೆಯಬೇಡಿ. ಗೇರ್ ತಾನಾಗಿ ಬೀಳುತ್ತಿಲ್ಲ ಎಂದು ನಿನ್ನೆ ಆರನ್ನೂ ಬಿಚ್ಚಿ ತಂದಿರಿ. "ಬ್ಯಾಟರಿ ತಂತಿ ಮುಟ್ಟಿಸಿದ್ರೆ ಚೆನ್ನಾಗಿರೋದು ಟಿಕ್ ಅನ್ನತ್ತೆ" ಅಂತ ನಮಗೆ ಪಾಠ ಹೇಳಿದಿರಿ. ಆಮೇಲೆ ಒಂದೊಂದಕ್ಕೂ ಮುಟ್ಟಿಸಿ, "ಇದೂ ಸತ್ತಿದೆ, ಇದೂ ಸತ್ತಿದೆ" ಎನ್ನುತ್ತಾ ಆರಕ್ಕೂ ಮಣ್ಣು ಕೊಟ್ಟಿರಿ.

ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಮಗಳು ಮತ್ತೆ ತಂತಿ ಮುಟ್ಟಿಸಿ ನೋಡಿದಳು. ಐದು ಟಿಕ್ ಅಂದವು!

"ಅಮ್ಮಾ, ಸೊಲೆನಾಯ್ಡ್ ಸರಿಯಾಗೇ ಇದೆ. ಅಪ್ಪಂಗೇ ಕೇಳಿಸ್ತಿಲ್ಲ" ಅಂದಳು.

ನನಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಪಾಪ ಅನಿಸಿತು. ಕರೆದರೂ ನೀವು ಬೇಕೆಂದೇ ತಿರುಗಿ ನೋಡುವುದಿಲ್ಲ ಅಂತ ಇಷ್ಟು ದಿನ ನಾನು ಸುಮ್ಮನೆ ಮುಖ ಊದಿಸಿಕೊಂಡಿದ್ದೇ ಬಂತು.

ನಿಜವಾಗಿ ಕೆಟ್ಟಿರುವ ಒಂದನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದೇನೆ. ಅದೊಂದನ್ನೇ ಬದಲಾಯಿಸಿ. ನಿನ್ನೆ ಗೇರ್ ಎಣ್ಣೆ ಹಿಡಿಯಲು ನೀವು ಒಯ್ದ ನನ್ನ ಅಡುಗೆ ಬೋಗುಣಿ ಇನ್ನು ನಿಮ್ಮದೇ, ಅದು ನನ್ನ ಒಲೆಯ ಹತ್ತಿರ ಸುಳಿಯಕೂಡದು.

ಸಂಜೆ ಕಿವಿ ಡಾಕ್ಟರ ಹತ್ತಿರ ಹೋಗೋಣ, ಹೆಸರು ಬರೆಸಿದ್ದೇನೆ. "ನನ್ನ ಕಿವಿಗೇನಾಗಿದೆ" ಅಂತ ರಾಗ ಎಳೆಯಬೇಡಿ. ಕೈಹಿಡಿದು ಕರೆದುಕೊಂಡು ಹೋಗುತ್ತೇನೆ, ಹೆದರಬೇಡಿ. ಆದರೆ ಅಲ್ಲಿ ಡಾಕ್ಟರು ಕೇಳಿದ್ದಕ್ಕೆಲ್ಲ ಇಲ್ಲಿಯ ಹಾಗೆ "ಹೂಂ, ಹೂಂ" ಅನ್ನಬೇಡಿ.

ಮೊನ್ನೆ ನಾನು ಕೇಳಿದ ಒಂದು ಮಾತಿಗೆ ನೀವು ಹಾಗೆ ಹೂಂಗುಟ್ಟಿದ್ದರಿಂದಲೇ ನಮ್ಮಮ್ಮ ಭಾನುವಾರ ಪೆಟ್ಟಿಗೆ ಸಮೇತ ಬರುತ್ತಿದ್ದಾರೆ. ಮೂರು ತಿಂಗಳು ಇರುತ್ತಾರೆ.