ಒಂದನೇ ತೊಟ್ಟಿಯ ತೂಕ

ಕಂಪ್ಲಿ
12-2-2007

ಚಿರಂಜೀವಿ ರೇಣುಕಾಳಿಗೆ ನಿನ್ನಪ್ಪ ಗುಡ್ಡಪ್ಪ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಕಳ್ಳನನ್ನು ಹಿಡಿಯದೆ ಉತ್ತರ ಬರೆಯುವುದಿಲ್ಲ ಅಂತ ಹಟ ಹಿಡಿದು ಕೂತಿದ್ದೆ, ಅದಕ್ಕೇ ತಡ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊ.

ಮೀನುಗಾರಿಕೆ ಕಾಲೇಜಿಗೆ ವಾಪಸ್ ಹೋಗುವಾಗ ನೀನು ಹೇಳಿದ್ದು ನೆನಪಿದೆ. ನಮ್ಮ ಹೊಲದಲ್ಲಿ ಆರು ತೊಟ್ಟಿ ಮೀನುಮರಿ, ಆರು ಡಬ್ಬಿ ಮೇವು. ಒಂದನೇ ಡಬ್ಬಿಯಲ್ಲಿ ಮೈ ಬೆಳೆಸುವ ಲೈಸಿನ್ ಪುಡಿ ಬೆರೆಸಿಲ್ಲ, ಆರನೇದರಲ್ಲಿ ಎಲ್ಲಕ್ಕಿಂತ ಹೆಚ್ಚು. ಎಷ್ಟನೇ ತೊಟ್ಟಿಗೆ ಬಂದಾಗ ತೂಕ ಏರುವುದು ನಿಲ್ಲುತ್ತದೋ, ಮೀನಿಗೆ ಬೇಕಾದದ್ದು ಅಷ್ಟೇ. ಇಷ್ಟು ನನ್ನ ತಲೆಗೂ ಹೋಗಿತ್ತು. ಒಂದನೇ ತೊಟ್ಟಿಯ ಮರಿ ನಾಲ್ಕನೇದರಷ್ಟೇ ತೂಗಿದವು ಅಂತ ನಾನು ಬರೆದಾಗ, ತಕ್ಕಡಿ ಸರಿಯಿದೆಯಾ ಅಂತ ನೀನು ಕೇಳಿದೆ. ತಕ್ಕಡಿ ಸರಿಯಿದೆ. ಮನುಷ್ಯರು ಸರಿಯಿಲ್ಲ.

ಒಂದನೇ ತೊಟ್ಟಿಯಲ್ಲಿ ಬಲೆ ಆಡಿಸಿ ನೋಡಿದರೆ ನೀರಿನಲ್ಲಿ ಹಳದಿ ಪುಡಿ. ನಿನ್ನ ಮೇವು ಕಂದು. ಹಳದಿ ಮೇವು ಮಾರುವವನು ಈ ಊರಲ್ಲಿ ಭರಮಣ್ಣ ಒಬ್ಬನೇ. ಹೋದ ತಿಂಗಳು ಬಂದು, "ಯಣ್ಣಾ, ಮಗಳು ಮೀನಿಗೆ ಗುಳಿಗಿ ಕೊಡ್ತಾಳಂತಲ್ಲ? ನಮ್ಮ ಮೇವು ಹಾಕಿ ನೋಡು, ಡಾಕ್ಟ್ರು ಬ್ಯಾಡ" ಅಂತ ಹಲ್ಲು ಕಿರಿದು ಹೋಗಿದ್ದ. ಅವನ ಪರವಾಗಿ ಅದನ್ನು ಕದ್ದು ತೊಟ್ಟಿಗೆ ಸುರಿದವರು ಯಾರು? ನಮ್ಮ ಕೂಲಿಯಾಳು ಗಾಳೆಪ್ಪನೇ ಇರಬೇಕು. ಊರಿನ ಕೂಲಿಯವರೆಲ್ಲ ಅದಿರು ಒಡೆಯಲು ಸಂಡೂರಿನ ಗಣಿಗೆ ಹೋದರು. ದುಪ್ಪಟ್ಟು ಕೂಲಿ ಬಿಟ್ಟು ಇವನೊಬ್ಬ ನಮ್ಮ ತೊಟ್ಟಿ ತೊಳೆಯುತ್ತಾ ಯಾಕೆ ಉಳಿದ? ಕೇಳಿಯೇಬಿಟ್ಟೆ.

"ಆ ಧೂಳು ಕುಡದ್ರ ನನ್ನ ಎದಿ ತಡಿಯಂಗಿಲ್ರಿ ಯಜಮಾನ್ರ, ಅದಕ್ಕ ಉಳದೀನಿ" ಅಂದ.

"ಲೇ, ಎದೀ ಕಥಿ ನನಗ ಹೇಳಬ್ಯಾಡ. ಭರಮಣ್ಣ ಏನು ಕೊಟ್ಟಾನ ಅದನ್ನ ಹೇಳು" ಅಂದೆ.

ಬಕೆಟ್ ಅಲ್ಲೇ ಇಟ್ಟು ಹೋದ. ಮರುದಿನ ಟಿಪ್ಪರ್ ಹತ್ತಿ ಸಂಡೂರಿಗೆ ಹೋದನಂತೆ. ಕಳ್ಳ ತೊಲಗಿದ ಅಂತ ಸಮಾಧಾನಪಟ್ಟೆ.

ನಾಲ್ಕೇ ದಿನಕ್ಕೆ ಮತ್ತೆ ಹಳದಿ ಪುಡಿ!

ಮೊನ್ನೆ ಮಧ್ಯಾಹ್ನ ಪಂಪ್‌ಸೆಟ್ ಕೋಣೆಯಲ್ಲಿ ಕೂತು ಕಿಂಡಿಯಿಂದ ನೋಡಿದೆ. ಬಂದವಳು ನಿಮ್ಮವ್ವ. ಸೆರಗಿನ ಗಂಟು ಬಿಚ್ಚಿ, ಬೇಯಿಸಿದ ಮೊಟ್ಟೆಯ ಹಳದಿಯನ್ನು ಬೆರಳಲ್ಲಿ ಪುಡಿ ಮಾಡಿ ಒಂದನೇ ತೊಟ್ಟಿಗೆ ಉದುರಿಸಿದಳು. "ತಿನ್ರವ್ವಾ, ಜಲ್ದಿ ತಿನ್ರಿ, ಮುದುಕ ಬರ್ತಾನ" ಅನ್ನುತ್ತಿದ್ದಳು.

ನಾನು ಕೂಗಾಡಿದೆ. ಅವಳು ಹೆದರಲಿಲ್ಲ. "ಎಲ್ಲಾ ಒಂದ ತಾಯಿ ಮರಿ. ಇವಷ್ಟ ಸೊರಗೋದು ನೋಡ್ಕೋತ ಕುಂದ್ರಾಕ ನನಗ ಆಗಂಗಿಲ್ಲ. ತೂಕ ಬಂದೈತಲ್ಲ, ಹಂಗ ಬರಕೊಳ್ಳಲಿ ಬಿಡ್ರಿ" ಅಂದಳು.

ಹಾಗೆ ಬರೆದುಕೊಳ್ಳಬೇಡ ಮಗಳೇ. ಬರೆದರೆ ಮೀನಿಗೆ ಲೈಸಿನ್ ಪುಡಿಯೇ ಬೇಡವೆಂದಾಗುತ್ತದೆ, ನಂಬಿದವರ ಮೀನು ಸೊರಗುತ್ತವೆ. ಆರು ವಾರದ ಕೆಲಸ ಹಾಳಾಯಿತೆಂದು ನಿಮ್ಮ ಮೇಷ್ಟ್ರಿಗೆ ಇದ್ದದ್ದು ಇದ್ದ ಹಾಗೆ ಹೇಳು. ಬೈದರೆ ನನ್ನ ಹೆಸರು ಹೇಳು. ಹೊಸ ಮರಿ ಹೊಸಪೇಟೆಯಿಂದ ನಾನೇ ತರುತ್ತೇನೆ. ಗಾಳೆಪ್ಪ ಎದೆ ಕೆಟ್ಟವನು, ಈಗ ಆ ಕೆಂಪು ಧೂಳಿನಲ್ಲಿದ್ದಾನೆ. ಕರೆತರಲು ನಾಳೆ ಹೋಗುತ್ತೇನೆ. ತಪ್ಪಾಯಿತು ಅನ್ನುವುದು ನನ್ನ ಬಾಯಿಗೆ ಅಭ್ಯಾಸವಿಲ್ಲ, ಬಸ್ಸಿನಲ್ಲಿ ಕಲಿಯಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು. ಹಂಪಿಯ ವಿರೂಪಾಕ್ಷ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಗುಡ್ಡಪ್ಪ

ತಾ.ಕ.: ನಿಮ್ಮವ್ವ ಆವತ್ತು ಇನ್ನೊಂದು ಮಾತು ಅಂದಳು, ಮೇಲೆ ಬರೆಯಲು ಕೈ ಬರಲಿಲ್ಲ. "ಹಂಪೇಶಗ ಹಾಲು, ರೇಣುಕಾಗ ಗಂಜಿ ಅಂತ ನೀವು ಅಂದಾಗ ಸುಮ್ಮನಿದ್ದೆ. ಇನ್ನ ಸುಮ್ಮನಿರಂಗಿಲ್ಲ" ಅಂದಳು. ನಿಜ. ನಿನ್ನಣ್ಣ ಗಂಡು, ಹಾಲು ಅವನಿಗಿರಲಿ ಅಂತ ನಾನೇ ಹೇಳಿದ್ದು. ನಿನಗಾಗ ಆರು ವರ್ಷ. ನೀನು ಅವನ ಲೋಟದ ಕಡೆ ನೋಡುತ್ತಿದ್ದೆ, ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಈ ಪ್ರಯೋಗವನ್ನು ನೀನು ನಮ್ಮ ಹೊಲದಲ್ಲೇ, ನನ್ನ ಕೈಯಿಂದಲೇ ಯಾಕೆ ಮಾಡಿಸಿದೆ ಅಂತ ಮೊನ್ನೆಯಿಂದ ನನಗೊಂದು ಅನುಮಾನ. ಆ ಲೋಟ ನನಗೆ ನೆನಪಾಗಲಿ ಅಂತಲೇ? ಹೌದಾದರೂ ಬರೆ, ಅಲ್ಲವಾದರೂ ಬರೆ.