ಅರವತ್ತರ ಮೇಲಿನ ಗೆರೆ

ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ

ನನ್ನ ಗುಬ್ಬಿಗೆ,

ನಿನಗೂ, ನಾನಿನ್ನೂ ಎತ್ತಿಕೊಳ್ಳದ ನಿನ್ನ ಮಗುವಿಗೂ ಅಮ್ಮನ ಮುತ್ತುಗಳು.

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಎರಡನೆಯ ಮಾತಿಗೆ ರೇಗುತ್ತೀಯ, ನಾನು ಮೂರನೆಯದಕ್ಕೆ ಅಳುತ್ತೇನೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ. ಮೇಲಾಗಿ ನಿನ್ನ ಅಪ್ಪ ಈಗ ಇಡೀ ದಿನ ಮನೆಯಲ್ಲೇ ಇರುತ್ತಾರೆ. ಎರಡು ಕೋಣೆಯ ಮನೆಯಲ್ಲಿ ಗುಟ್ಟಿಗೆ ಜಾಗ ಎಲ್ಲಿ? ಈ ಹೊತ್ತಿಗೆ ಅವರು ಕ್ಷೌರದಂಗಡಿಗೆ ಹೋಗಿದ್ದಾರೆ. ತಲೆಯ ಮೇಲೆ ಒಂದೆಳೆಯೂ ಇಲ್ಲದವರಿಗೆ ಅಲ್ಲೇನು ಕೆಲಸ ಎನ್ನಬೇಡ, ಗಡ್ಡಕ್ಕೆ ಕಾಲು ಗಂಟೆ, ಹರಟೆಗೆ ಒಂದು ಗಂಟೆ. ತಲೆ ಬೋಳಾದ ಮೇಲೆ ಆ ಕಿವಿಗಳು ಇನ್ನೂ ದೊಡ್ಡದಾಗಿ ಕಾಣುತ್ತವೆ. ನೀನು ಹುಟ್ಟಿದಾಗ ಅದೇ ಕಿವಿ ನಿನಗೂ ಬಂತೆಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದದ್ದನ್ನು ನಿನಗೆ ನೂರು ಸಲ ಹೇಳಿದ್ದೇನೆ.

ಮಗುವಿನ ಫೋಟೋ ತಲುಪಿತು. ಅದರ ವಿಷಯ ಕೊನೆಗೆ ಬರೆಯುತ್ತೇನೆ.

ಮೊದಲು ಪ್ರೆಸ್ಸಿನ ಸುದ್ದಿ. ಹೊಸ ಮಷೀನ್ ಬಂದು ಮೂರು ತಿಂಗಳಾಯಿತು. ನೀನು ಚಿಕ್ಕವಳಿದ್ದಾಗ ನನ್ನ ಲೈಟ್ ಟೇಬಲ್ ಕೆಳಗೆ ಚೀಲ ಹಾಸಿಕೊಂಡು ಮಲಗುತ್ತಿದ್ದವಳು, ನಮ್ಮ ಕೆಲಸ ನಿನಗೆ ಗೊತ್ತಿರುವುದೇ. ಆದರೂ ಇನ್ನೊಮ್ಮೆ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಿಂದೆ ಅಚ್ಚಾಗಬೇಕಾದ ಚಿತ್ರ ಮೊದಲು ಫಿಲ್ಮಿನ ಮೇಲೆ ಬರುತ್ತಿತ್ತು. ಅದನ್ನು ನಾನು ದೀಪದ ಮೇಜಿನ ಮೇಲೆ ಹರಡಿ, ಕಪ್ಪಿನಲ್ಲಿ ಸಣ್ಣ ತೂತಿದ್ದರೆ ಬ್ರಷ್ಷಿನಿಂದ ಮುಚ್ಚಿ, ಖಾಲಿ ಜಾಗದಲ್ಲಿ ಕಸವಿದ್ದರೆ ಒರೆಸಿ ಅಪ್ಪನ ಕೈಗೆ ಕೊಡುತ್ತಿದ್ದೆ. ಅವರು ಅದನ್ನು ಮದ್ದು ಬಳಿದ ಸ್ಕ್ರೀನಿಗೆ, ಅಂದರೆ ಆ ತೆಳು ಬಲೆಬಟ್ಟೆಯ ಚೌಕಟ್ಟಿಗೆ ಅಂಟಿಸಿ, ಗಾಜಿನ ಮೇಲಿಟ್ಟು ಬೆಳಕು ಬಿಡುತ್ತಿದ್ದರು. ಬೆಳಕು ಬಿದ್ದ ಕಡೆ ಮದ್ದು ಗಟ್ಟಿಯಾಗುತ್ತದೆ. ನೆರಳು ಬಿದ್ದ ಕಡೆ ನೀರಿಗೆ ತೊಳೆದುಹೋಗಿ, ಅಲ್ಲಿಂದ ಬಣ್ಣ ಇಳಿಯುತ್ತದೆ. ಕೂದಲಿನ ನೆರಳೂ ನೆರಳೇ, ಗುಬ್ಬಿ. ಅದೂ ಅಚ್ಚಾಗುತ್ತದೆ.

ಈಗಿನ ಮಷೀನಿಗೆ ಫಿಲ್ಮೇ ಬೇಡ. ಸ್ಕ್ರೀನನ್ನು ಒಳಗೆ ನಿಲ್ಲಿಸಿದರೆ ಕಂಪ್ಯೂಟರಿನಲ್ಲಿರುವ ಚಿತ್ರವನ್ನು ನೇರವಾಗಿ ಅದರ ಮೇಲೇ ಕಪ್ಪಗೆ ಬಿಡಿಸಿ, ಬೆಳಕನ್ನೂ ತಾನೇ ಕೊಟ್ಟು, ಐದು ನಿಮಿಷಕ್ಕೆ ಹೊರಗೆ ಕಳಿಸುತ್ತದೆ. ಗಾಜಿಲ್ಲ, ಟೇಪಿಲ್ಲ, ಬ್ರಷ್ಷಿಲ್ಲ. ಅದನ್ನು ಕೂರಿಸಲು ಬಂದವರು ಮೊದಲ ದಿನ ನನ್ನ ಮೇಜನ್ನೇ ಗೋಡೆಗೆ ಸರಿಸಿ ಅದರ ಮೇಲೆ ತಮ್ಮ ಊಟದ ಡಬ್ಬಿ ಇಟ್ಟರು. ನನಗೆ ಸಿಟ್ಟು ಬರಲಿಲ್ಲ. ಸಮಾಧಾನವಾಯಿತು ಎಂದರೆ ನೀನು ನಂಬುತ್ತೀಯಾ? ಇನ್ನು ಯಾರೂ ನನ್ನ ಕೈಗೆ ಫಿಲ್ಮ್ ಕೊಟ್ಟು ನೋಡಮ್ಮ ಎನ್ನುವುದಿಲ್ಲ ಎಂಬ ಸಮಾಧಾನ.

ಯಾಕೆಂದರೆ ನನಗೆ ಕಣ್ಣು ಕಾಣುವುದಿಲ್ಲ.

ಬರೆದುಬಿಟ್ಟೆ. ಇದನ್ನು ಬರೆಯಲು ಎಷ್ಟು ದಿನ ಹಿಂದೆಮುಂದೆ ನೋಡಿದೆನೋ. ಪೂರ್ತಿ ಕತ್ತಲೆಯಲ್ಲ. ನಡುವೆ ಮಾತ್ರ ಮಬ್ಬು, ಸುತ್ತಲಿನದು ಕಾಣುತ್ತದೆ. ಯಾವುದನ್ನು ನೋಡಬೇಕೆಂದು ದಿಟ್ಟಿಸುತ್ತೇನೋ ಅದೊಂದೇ ಮಾಯವಾಗುತ್ತದೆ. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಒಂದೂವರೆ ವರ್ಷದ ಹಿಂದೆ ಶುರುವಾಯಿತು, ಕನ್ನಡಕ ಬದಲಿಸಿದರೆ ಹೋದೀತು ಎಂದುಕೊಂಡೆ. ನಿನ್ನ ಹೆರಿಗೆಗೆ ಬರದೆ ಮೊಣಕಾಲು ನೋವೆಂದು ಸುಳ್ಳು ಹೇಳಿದೆ. ನನ್ನ ಮೊಣಕಾಲು ಚೆನ್ನಾಗಿಯೇ ಇದೆ. ಒಬ್ಬಳೇ ಬಸ್ಸು ಹತ್ತಲಾರದೆ ಹೋದೆ, ಜೊತೆಗೆ ಕರೆತರಬಲ್ಲವರಿಗೆ ನೀನೇ ಬರಬೇಡಿ ಎಂದಿದ್ದೆ.

ಈಗ ಅವರ ವಿಷಯ. ಕಾಗದ ಹರಿದುಹಾಕದೆ ಪೂರ್ತಿ ಓದು.

ನನ್ನ ಕಣ್ಣಿನ ವಿಷಯ ಮೊದಲು ಪತ್ತೆಹಚ್ಚಿದವರು ನಿನ್ನ ಅಪ್ಪ. ನಾನು ಬಾಯಿ ಬಿಟ್ಟಿರಲಿಲ್ಲ. ನಾನು ಸರಿ ಇದೆ ಎಂದು ಕೊಟ್ಟ ಫಿಲ್ಮಿನಲ್ಲಿ ತೂತುಗಳು ಹಾಗೇ ಇರುವುದನ್ನು ಕಂಡು ಅವರೂ ಬಾಯಿ ಬಿಡಲಿಲ್ಲ. ಎಂಟು ತಿಂಗಳು, ಎಲ್ಲರೂ ಊಟಕ್ಕೆ ಹೋದಾಗ ನನ್ನ ಬ್ರಷ್ಷಿನಲ್ಲೇ ನನ್ನ ಕೆಲಸವನ್ನು ತಿದ್ದಿದರು. ಆ ದಪ್ಪ ಬೆರಳುಗಳಲ್ಲಿ ಕೂದಲೆಳೆಯ ಬ್ರಷ್ಷು! ಒಂದು ದಿನ ಬ್ರಷ್ಷಿನ ತುದಿ ಒದ್ದೆಯಾಗಿರುವುದು ಕೈಗೆ ತಗುಲಿ ನನಗೆ ಗೊತ್ತಾಯಿತು. ಅಂದು ಮನೆಗೆ ನಡೆದು ಬರುವಾಗ ಮಾಲೀಕರಿಗೆ ಹೇಳಬೇಡಿ ಎಂದು ಅವರ ಕೈ ಹಿಡಿದುಕೊಂಡು ಕೇಳಿದೆ. ‘ಹೇಳಲ್ಲ ಬಿಡೇ’ ಎಂದರು, ಅಷ್ಟೇ.

ಆಮೇಲೆ ಆ ಹಾಲಿನ ಬಾಟಲಿಗಳು. ಮಕ್ಕಳಿಗೆ ಹಾಲು ಕುಡಿಸುವ ಬಾಟಲಿಯ ಮೇಲೆ ಅಳತೆಯ ಗೆರೆ ಅಚ್ಚು ಹಾಕುವ ಕೆಲಸ. ಮೂವತ್ತು, ಅರವತ್ತು, ತೊಂಬತ್ತು ಎಂದು ಗೆರೆಗಳು. ಫಿಲ್ಮನ್ನು ದೊಡ್ಡ ಪ್ಲಾಸ್ಟಿಕ್ ಹಾಳೆಗೆ ಟೇಪಿನಿಂದ ಕೂರಿಸುವಾಗ ನನ್ನ ತಲೆಯ ಒಂದು ಕೂದಲು ಉದುರಿ ಟೇಪಿಗೆ ಸಿಕ್ಕಿ, ಅರವತ್ತರ ಸ್ವಲ್ಪ ಮೇಲೆ ಅಡ್ಡ ಬಿತ್ತು. ನಾನು ಎರಡು ಸಲ ನೋಡಿದೆ. ನೋಡಿದೆ ಎಂದರೆ, ಮುಖ ಬಗ್ಗಿಸಿದೆ. ಕೂದಲು ಕಾಣಲಿಲ್ಲ.

ಅಪ್ಪ ಅಂದು ಊಟದ ಹೊತ್ತಿಗೆ ಪ್ರೆಸ್ಸಿನಲ್ಲಿರಲಿಲ್ಲ. ನನ್ನ ಕಣ್ಣಿನ ರಿಪೋರ್ಟ್ ತರಲು ಆಸ್ಪತ್ರೆಗೆ ಹೋಗಿದ್ದರು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಎಂದು ಡಾಕ್ಟರು ಹೇಳಿದ್ದರಂತೆ. ಆ ಕಾಗದ ಜೇಬಿನಲ್ಲಿಟ್ಟುಕೊಂಡು ಬಂದು, ನಾನು ಕೊಟ್ಟ ಫಿಲ್ಮನ್ನು ಹಾಗೇ ಅಂಟಿಸಿ ಬೆಳಕು ಬಿಟ್ಟರು. ಅವರ ಕಣ್ಣು ತುಂಬಿಕೊಂಡಿತ್ತು. ಎಲ್ಲರ ಕಣ್ಣು ತಪ್ಪಿಸಿ ಸಾವಿರಾರು ಬಾಟಲಿಗಳು ಇಲ್ಲದ ಗೆರೆಯೊಂದನ್ನು ಹೊತ್ತು ಹೋದವು.

ಬಾಟಲಿಗಳು ಅಂಗಡಿ ಸೇರುವ ಮೊದಲೇ ವಾಪಸ್ಸು ಬಂದವು, ಯಾವ ಮಗುವಿನ ಬಾಯಿಗೂ ಹೋಗಲಿಲ್ಲ. ಅದೊಂದು ಪುಣ್ಯ. ಮಾಲೀಕರು ಬಾಟಲಿ ಹಿಡಿದುಕೊಂಡು ಬಂದು ಈ ಫಿಲ್ಮ್ ನೋಡಿದವರು ಯಾರು ಎಂದು ಎಲ್ಲರೆದುರು ಕೇಳಿದರು. ಅಪ್ಪ ಆಗಲೇ ಕಪಾಟಿನಿಂದ ಫಿಲ್ಮ್ ತೆಗೆದು, ಟೇಪಿನಲ್ಲಿದ್ದ ಕೂದಲನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. ಅಷ್ಟುದ್ದದ ಕೂದಲು ಬೋಳು ತಲೆಯವರದ್ದಲ್ಲ ಎಂದು ಹೇಳಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು: ‘ಫಿಲ್ಮ್ ಸರಿ ಇತ್ತು ಸಾರ್. ನಾನೇ ಗಾಜು ಒರೆಸಿರ್ಲಿಲ್ಲ.’ ಇಪ್ಪತ್ತಾರು ವರ್ಷ ಕೆಲಸ ಮಾಡಿದವನಿಗೆ ಸ್ಕ್ರೀನ್ ತೊಳೆಯುವಾಗಲೂ ಗೆರೆ ಕಾಣಲಿಲ್ಲವೇ ಎಂದು ಮಾಲೀಕರು ನಂಬಲಿಲ್ಲ. ಆಗ ನಿನ್ನ ಅಪ್ಪ ತಲೆ ತಗ್ಗಿಸಿ, ‘ಹಿಂದಿನ ದಿನ ಸ್ವಲ್ಪ ಹಾಕಿದ್ದೆ. ಇಳಿದಿರ್ಲಿಲ್ಲ’ ಎಂದರು.

ಹನಿಯೂ ಮುಟ್ಟಿರಲಿಲ್ಲ, ಗುಬ್ಬಿ. ನಿನ್ನ ಶಾಲೆಯ ಬಹುಮಾನದ ದಿನ ಕುಡಿದು ಬಂದು ಕುರ್ಚಿಗಳ ಮೇಲೆ ಬಿದ್ದರಲ್ಲ, ನೀನು ಬಹುಮಾನ ತೆಗೆದುಕೊಳ್ಳದೆ ಮೆಟ್ಟಿಲ ಮೇಲೆ ಕೂತು ಅತ್ತೆಯಲ್ಲ, ಅದೇ ಕೊನೆ. ಹನ್ನೊಂದು ವರ್ಷ ಹಲ್ಲು ಕಚ್ಚಿ ಗಳಿಸಿದ ಮರ್ಯಾದೆಯನ್ನು ಒಂದೇ ಮಾತಿಗೆ ನನಗೋಸ್ಕರ ಚೆಲ್ಲಿಬಿಟ್ಟರು. ಎಲ್ಲರೂ ನಂಬಿದರು. ಹಳೆಯ ಕುಡುಕನ ಮಾತನ್ನು ಯಾರು ನಂಬುವುದಿಲ್ಲ?

ಅಂದೇ ಅವರನ್ನು ಮನೆಗೆ ಕಳಿಸಿದರು. ಮಾಲೀಕರ ಹೆಂಡತಿ ನಿನಗೆ ಫೋನ್ ಮಾಡಿ ಮರುಗಿದರು. ನೀನು ಅಪ್ಪನಿಗೆ ಫೋನ್ ಮಾಡಿದೆ. ಕುಡಿದ ಅಮಲಿನಲ್ಲಿ ಮಕ್ಕಳ ಬಾಟಲಿ ಕೆಡಿಸಿದವರ ಕೈಗೆ ಹುಟ್ಟಲಿರುವ ನನ್ನ ಮಗುವನ್ನು ಕೊಡುವುದಿಲ್ಲ, ನಮ್ಮ ಮನೆ ಮೆಟ್ಟಿಲು ಹತ್ತಬೇಡಿ ಎಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ‘ತಪ್ಪಾಯ್ತಮ್ಮ’ ಎಂದು ಫೋನ್ ಇಟ್ಟರು. ಆಮೇಲೆ ಬಹಳ ಹೊತ್ತು ಪಾತ್ರೆ ತೊಳೆದರು, ತೊಳೆದದ್ದನ್ನೇ ಮತ್ತೆ ತೊಳೆದರು. ನಾನು ಆಗಲೂ ಸುಮ್ಮನಿದ್ದೆ. ಹೆದರಿದ್ದೆ. ಕಣ್ಣಿಲ್ಲದವಳು ಎಂಬ ಹೆಸರಿಗೆ ಹೆದರಿದೆ, ನನ್ನ ಗಂಡನಿಗೆ ಕುಡುಕ ಎಂಬ ಹೆಸರು ಬಂದದ್ದನ್ನು ನುಂಗಿಕೊಂಡೆ. ನಿನ್ನ ಅಮ್ಮ ಇಂಥವಳು.

ಆ ಬಾಟಲಿಗಳ ಕಾರಣಕ್ಕೇ ಮಾಲೀಕರು ಹೊಸ ಮಷೀನ್ ತರಿಸಿದರು. ಅದು ಬಂದ ಮೇಲೆ ನನ್ನನ್ನು ಪ್ಯಾಕಿಂಗಿಗೆ ಹಾಕಿದರು. ಅದು ಕೈ ಅಂದಾಜಿನ ಕೆಲಸ, ಯಾರಿಗೂ ಗೊತ್ತಾಗಲಿಲ್ಲ. ಮಷೀನ್ ನೋಡಲು ಬಂದವರಿಗೆಲ್ಲ ಮಾಲೀಕರು ನನ್ನನ್ನು ತೋರಿಸಿ, ‘ಇಪ್ಪತ್ತೆಂಟು ವರ್ಷದಲ್ಲಿ ಈಯಮ್ಮನ ಕಣ್ಣು ತಪ್ಪಿಸಿ ಒಂದು ಚುಕ್ಕೆ ಹೋಗಿಲ್ಲ’ ಎನ್ನುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ವಿನಯ ಎಂದುಕೊಂಡಿರಬೇಕು.

ಕಳೆದ ತಿಂಗಳು ಹಳೆಯ ಫಿಲ್ಮುಗಳನ್ನೆಲ್ಲ ಗುಜರಿಗೆ ಹಾಕಲು ಹೊರಟರು. ಉಳಿಸಿಕೊಳ್ಳುವಂಥದ್ದನ್ನು ನೀವೇ ಆರಿಸಿಕೊಡಿ, ನಿಮ್ಮಷ್ಟು ಗೊತ್ತಿರುವವರು ಯಾರಿದ್ದಾರೆ ಎಂದು ರಾಶಿಯ ಮುಂದೆ ನನ್ನನ್ನು ಕೂರಿಸಿದರು. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದೆ. ನನ್ನ ಆಯುಷ್ಯದ ಕೆಲಸ, ಒಂದೂ ಕಾಣಲಿಲ್ಲ. ಎಲ್ಲವೂ ಒಂದೇ ಬೂದಿ ಬಣ್ಣ. ಅಲ್ಲೇ ಕೂತು ಅತ್ತೆ. ಮಾಲೀಕರು ಬಂದರು, ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ‘ಆ ಮನುಷ್ಯ ಒಂದು ಮಾತು ಹೇಳಬಾರದಿತ್ತಾ?’ ಎಂದರು. ವಾಪಸ್ಸು ಕರೆಯೋಣವೆಂದರೆ ಬೆಳಕು ಬಿಡುವ ಆ ಕೋಣೆಯೇ ಈಗ ಇಲ್ಲವಲ್ಲ ಎಂದೂ ಅಂದರು. ಅದು ನಿಜವೇ. ಆ ಕೆಲಸ ಇನ್ನೆಲ್ಲೂ ಇಲ್ಲ. ನಾನೂ ಬಿಟ್ಟು ಬಂದೆ. ಬರುವಾಗ ಆ ಬಾಟಲಿಯ ಫಿಲ್ಮನ್ನು ಕೇಳಿ ತಂದೆ.

ಹೋದ ಕೆಲಸ ಬರುವುದಿಲ್ಲ, ಹೋದ ಕಣ್ಣೂ ಬರುವುದಿಲ್ಲ. ಬರಬಹುದಾದದ್ದು ನೀನೊಬ್ಬಳು. ನಿನಗೆ ಹೇಳಬಾರದೆಂದು ಅವರು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ, ಹೆತ್ತ ತಾಯಿಯ ಮೇಲೆ ಮಗಳಿಗೆ ಸಿಟ್ಟು ಬರಬಾರದಂತೆ. ಆಣೆ ಮುರಿದಿದ್ದೇನೆ. ಆ ಸಿಟ್ಟು ನನ್ನದು, ಗುಬ್ಬಿ. ನನಗೇ ಕೊಡು. ಅವರಿಗೆ ಮಗುವನ್ನು ಕೊಡು.

ಅಳಿಯಂದಿರಿಗೆ ನನ್ನ ನೆನಪು ಹೇಳು. ಮಗುವಿಗೆ ನೆಗಡಿಯಾಗದಂತೆ ನೋಡಿಕೋ.

ನಿನ್ನ ತಪ್ಪಿತಸ್ಥೆ,
ಅಮ್ಮ

ಮರೆತ ಮಾತು: ಈ ಕಾಗದ ಬರೆಯಲು ಮೂರು ಭಾನುವಾರ ಹಿಡಿಯಿತು. ಅಕ್ಷರ ದಪ್ಪವಾಗಿದ್ದರೂ ಸಾಲು ನೆಟ್ಟಗಿದೆಯಲ್ಲ, ಅದು ಅಪ್ಪನ ಕೈವಾಡ. ಆ ಬಾಟಲಿಯ ಫಿಲ್ಮ್ ಇದ್ದ ಹಾಳೆಯನ್ನೇ ಎರಡು ಪದರ ಮಾಡಿ, ಬ್ಲೇಡಿನಿಂದ ಸಾಲುಸಾಲಾಗಿ ಸೀಳಿ ಕೊಟ್ಟಿದ್ದಾರೆ. ಅದನ್ನು ಕಾಗದದ ಮೇಲಿಟ್ಟು, ಸೀಳಿನ ಅಂಚನ್ನು ಬೆರಳಲ್ಲಿ ಹಿಡಿದು ಒಳಗೆ ಬರೆದರಾಯಿತು. ಮಗುವಿನ ಸ್ನಾನ, ಎಣ್ಣೆಯ ಬಗ್ಗೆ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾರೆ. ಲಕೋಟೆಯ ಮೇಲಿನ ವಿಳಾಸವೂ ಅವರದೇ ಅಕ್ಷರ. ಡಬ್ಬಿಗೆ ಹಾಕುವವರೂ ಅವರೇ.

ಇನ್ನು ಫೋಟೋ. ನಾನು ಅದನ್ನು ನೋಡಲಾರೆ, ಅವರೇ ನೋಡಿ ಹೇಳಿದರು. ಹಣೆ ನಿನ್ನದು, ಮೂಗು ಅಳಿಯಂದಿರದು, ನಗು ನನ್ನದೇ ಅಂತೆ. ಕಿವಿ ಯಾರದ್ದು ಎಂದು ಕೇಳಿದೆ. ಫೋಟೋವನ್ನು ಮತ್ತೆ ಲಕೋಟೆಗೆ ಹಾಕುತ್ತಾ, ‘ಟೋಪಿ ಹಾಕಿದ್ದಾರೆ, ಕಾಣ್ತಿಲ್ಲ’ ಎಂದರು. ನನಗೋಸ್ಕರ ಸುಳ್ಳು ಹೇಳಿ ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ನಿಜ ನೀನೇ ಬರೆ, ಮಗು ಟೋಪಿ ಹಾಕಿಕೊಂಡಿತ್ತೇ?